ಪ್ರಯಾಣಿಕನೂ ನೌಕಾಯುದ್ಧದ ಕಾದಂಬರಿಯೂ

ದೂರಪ್ರಯಾಣಕ್ಕೆ ಹೊರಡುವ ಗೃಹಸ್ಥನು ಬುತ್ತಿಯ ವಿಷಯದಲ್ಲಿ ತೋರಿಸುವ ಎಚ್ಚರಿಕೆಯ ಕಾಲುಪಾಲನ್ನೂ ಪುಸ್ತಕದ ವಿಷಯದಲ್ಲಿ ತೋರಿಸುವುದಿಲ್ಲ. ಹಳಸುವ ಪದಾರ್ಥ ಯಾವುದು, ಎರಡು ದಿನ ನಿಲ್ಲುವ ಪದಾರ್ಥ ಯಾವುದು ಎಂಬುದನ್ನು ಮನೆಯವರೆಲ್ಲರೂ ಕೂಡಿ ವಿಚಾರಿಸುವರು. ಪುಸ್ತಕವನ್ನು ಮಾತ್ರ ಹೊರಡುವ ಗಳಿಗೆಯಲ್ಲಿ, ಕೈಗೆ ಸಿಕ್ಕಿದುದನ್ನು ಚೀಲಕ್ಕೆ ಸೇರಿಸುವರು. ಮನೆಯಲ್ಲಿ ರುಚಿಸದ ಪುಸ್ತಕವನ್ನು ಮುಚ್ಚಿಟ್ಟು ಬೇರೊಂದನ್ನು ತೆಗೆಯಬಹುದು. ಪ್ರಯಾಣದಲ್ಲಿ ಅದು ಎದುರು ಮಂಚದ ಸಹಪ್ರಯಾಣಿಕನ ಹಾಗೆ; ಇಳಿಯುವ ತನಕ ಅದರ ಸಹವಾಸ ತಪ್ಪಿದ್ದಲ್ಲ. ಮೆಕಾಲೆಯು 1834ರಲ್ಲಿ ಇಂಗ್ಲೆಂಡಿನಿಂದ ಮದರಾಸಿಗೆ ಬರುವಾಗ ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳ ಗ್ರಂಥಗಳನ್ನು ಹಡಗಿನಲ್ಲಿ ರಾಶಿರಾಶಿಯಾಗಿ ಓದಿ ಮುಗಿಸಿದನು. ಅಲ್ಲಿಂದ ಬೆಂಗಳೂರು ಮೈಸೂರುಗಳ ಮಾರ್ಗವಾಗಿ ನೀಲಗಿರಿಗೆ ಹೋದನು. ಅಷ್ಟು ಓದಿದವನು ಈ ದೇಶದ ಸಾಹಿತ್ಯದ ವಿಷಯವಾಗಿ ಮರುವರ್ಷವೇ ಕೊಟ್ಟ ತೀರ್ಪನ್ನು ನೆನೆದರೆ, ಪ್ರಯಾಣದಲ್ಲಿ ಬಹಳ ಓದುವುದಕ್ಕಿಂತ ತಕ್ಕುದನ್ನು ಓದುವುದು ಮೇಲೆಂದು ತೋರುವುದು. ಇರಲಿ.

ಪ್ರಯಾಣಿಕರು ಇಷ್ಟಪಟ್ಟು ಆರಿಸಿಕೊಳ್ಳುವ ಪುಸ್ತಕಗಳಲ್ಲಿ ಹಿಂದಿನ ಕಾಲದ ನೌಕಾಯುದ್ಧದ ಕಾದಂಬರಿಗಳಿಗೆ ಒಂದು ವಿಶೇಷ ಸ್ಥಾನವುಂಟು. ಇಂಗ್ಲಿಷಿನಲ್ಲಿ ಇವುಗಳಲ್ಲಿ ಬಹುಪಾಲು 1793ರಿಂದ 1815ರವರೆಗೆ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ಯುದ್ಧಗಳ ಸುತ್ತಲೇ ಹುಟ್ಟಿದುವು. ಈ ಒಲವಿಗೆ ಕಾರಣವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಹಡಗೂ ರೈಲುಗಾಡಿಯ ಕೋಣೆಯೂ ಒಂದೇ ಜಾತಿಯವು. ಎರಡರಲ್ಲಿಯೂ ಅಪರಿಚಿತರು ಇಕ್ಕಟ್ಟಿನಲ್ಲಿ ಕೂಡಿರುವರು. ಎರಡರಲ್ಲಿಯೂ ಹೊತ್ತು ಬಹಳ, ಮಾಡತಕ್ಕ ಕೆಲಸ ಸ್ವಲ್ಪ. ಈ ಜಾತಿಯ ಅತ್ಯಂತ ಪ್ರಸಿದ್ಧ ನಾಯಕನಾದ ಹಾರ್ನ್‌ಬ್ಲೋವರನು ಹುಟ್ಟಿದುದೇ ಒಂದು ಪ್ರಯಾಣದಲ್ಲಿ. ಸಿ. ಎಸ್. ಫಾರೆಸ್ಟರನು ಕ್ಯಾಲಿಫೋರ್ನಿಯಾವನ್ನು ಬಿಟ್ಟು ಸರಕಿನ ಹಡಗೊಂದರಲ್ಲಿ ಸ್ವದೇಶಕ್ಕೆ ಮರಳುವಾಗ, ಮಧ್ಯ ಅಮೆರಿಕದ ತೀರವನ್ನು ನೋಡುತ್ತ ಕಥೆಯನ್ನು ಮನಸ್ಸಿನಲ್ಲಿ ಕಟ್ಟಿದನು. 1937ರಲ್ಲಿ ಅದು 'ದಿ ಹ್ಯಾಪಿ ರಿಟರ್ನ್' ಎಂಬ ಹೆಸರಿನಿಂದ ಹೊರಬಿದ್ದಿತು.

ಇಷ್ಟರವರೆಗೆ ಇದು ಅಭಿರುಚಿಯ ಮಾತು. ಧರ್ಮದ ಪ್ರಶ್ನೆ ಎಲ್ಲಿ ಬಂದಿತು? ಮೆತ್ತನೆಯ ಆಸನದಲ್ಲಿ ಕುಳಿತು, ಚಹವನ್ನು ಕುಡಿಯುತ್ತ, ಫಿರಂಗಿಯ ಗುಂಡಿಗೆ ಕಾಲು ಕಳೆದುಕೊಂಡವನ ಕಥೆಯನ್ನು ಹೊತ್ತು ಹೋಗಲೆಂದು ಓದುವುದಿದೆಯಲ್ಲ, ಅಲ್ಲಿ ಬಂದಿತು. ದಡದಲ್ಲಿ ನಿಂತವನಿಗೆ ಕಡಲಿನಲ್ಲಿ ತೊಳಲುವವರ ನೋಟವು ಏಕೆ ಹಿತವಾಗುವುದೆಂಬ ವಿಚಾರವನ್ನು ರೋಮಿನ ಕವಿ ಲುಕ್ರೀಷಿಯಸನು ಎರಡು ಸಾವಿರ ವರ್ಷಗಳ ಹಿಂದೆಯೇ ಎತ್ತಿದನು. ಪರರ ದುಃಖದಲ್ಲಿ ಸಂತೋಷವಲ್ಲ, ತನಗೆ ಅದು ಇಲ್ಲವೆಂಬ ಅರಿವಿನಲ್ಲಿ ಸಂತೋಷ ಎಂಬುದು ಅವನ ಸಮಾಧಾನ. ಈ ಸಮಾಧಾನವು ಜಾಣತನದ್ದೇ ಹೊರತು ಮನಸ್ಸಿಗೆ ಒಪ್ಪುವಂಥದಲ್ಲ.

ಆ ತೊಳಲಾಟವು ಎಷ್ಟರದೆಂಬುದನ್ನು ತಿಳಿಯದೆ ಈ ಪ್ರಶ್ನೆಯನ್ನು ತೂಗಲಾಗದು. 1756ರಿಂದ 1763ರವರೆಗೆ ನಡೆದ ಯುದ್ಧದಲ್ಲಿ ಇಂಗ್ಲಿಷ್ ನೌಕಾಪಡೆಗೆ ಸೇರಿಸಿಕೊಂಡವರು 1,84,899 ಜನರೆಂದೂ, ಯುದ್ಧದಲ್ಲಿಯೇ ಮಡಿದವರು 1,512 ಎಂದೂ, ರೋಗದಿಂದ ಸತ್ತವರೂ ಕಾಣದೆ ಹೋದವರೂ ಕೂಡಿ 1,33,708 ಎಂದೂ ಆ ಕಾಲದ ಒಂದು ಲೆಕ್ಕವು ಹೇಳುವುದು. ಕಾಣದೆ ಹೋದವರಲ್ಲಿ ಓಡಿಹೋದವರು ಬಹುಮಂದಿ. ಅವರಲ್ಲಿ ಅನೇಕರನ್ನು ಬಂದರಿನ ಬೀದಿಗಳಿಂದ ಬಲಾತ್ಕಾರವಾಗಿ ಹಿಡಿದು ತಂದಿದ್ದುದರಿಂದ ಓಡಿಹೋದುದರಲ್ಲಿ ಆಶ್ಚರ್ಯವಿಲ್ಲ. ಸ್ಕರ್ವಿ ಎಂಬ ವಸಡು ಕೊಳೆಯುವ ರೋಗಕ್ಕೆ ನಿಂಬೆ ಕಿತ್ತಳೆಗಳು ಮದ್ದೆಂಬುದನ್ನು ಜೇಮ್ಸ್ ಲಿಂಡ್ ಎಂಬ ವೈದ್ಯನು 1747ರಲ್ಲಿ 12 ಮಂದಿ ರೋಗಿಗಳನ್ನು ಪರೀಕ್ಷಿಸಿ ಕಂಡನು; ನೌಕಾಧಿಕಾರಿಗಳು ನಿಂಬೆರಸವನ್ನು ಎಲ್ಲ ನಾವಿಕರಿಗೂ ಕೊಡಲು ಮನಸ್ಸು ಮಾಡಿದುದು 1795ರಲ್ಲಿ. 1740ರಲ್ಲಿ ಆನ್ಸನನ ಜೊತೆಯಲ್ಲಿ ಹೊರಟ ಸುಮಾರು 1,900 ಜನರಲ್ಲಿ, ನಾಲ್ಕು ವರ್ಷಗಳ ಬಳಿಕ ಅವನ ಹಡಗಿನಲ್ಲಿ ಮರಳಿ ಬಂದವರು 188. ಅವನು ಸ್ಪೇನಿನವರಿಂದ ಗೆದ್ದ ಬೆಳ್ಳಿಯನ್ನು ಲಂಡನ್ನಿನ ಬೀದಿಗಳಲ್ಲಿ 32 ಬಂಡಿಗಳಲ್ಲಿ ಮೆರೆಸಿದರು. ಪ್ಯಾಟ್ರಿಕ್ ಓಬ್ರಿಯನ್ನನ ಮೊದಲನೆಯ ಕಡಲಕಾದಂಬರಿ 'ದಿ ಗೋಲ್ಡನ್ ಓಷನ್' ಈ ಯಾತ್ರೆಯ ಕಥೆಯೇ; 1956ರಲ್ಲಿ ಪ್ರಕಟವಾದ ಅದನ್ನು ಹುಡುಗರೂ ನಲಿದು ಓದುವರು.

ಇದಕ್ಕೆ ಭಾರತದ ಆಲಂಕಾರಿಕರಲ್ಲಿ ಒಂದು ಉತ್ತರ ಸಿದ್ಧವಾಗಿದೆ. ಕಾವ್ಯದಲ್ಲಿ ಶೋಕವು ಯಾರ ಶೋಕವೂ ಅಲ್ಲ. ಅದು ಸಾಧಾರಣೀಕರಣವನ್ನು ಹೊಂದಿ ಕರುಣರಸವಾಗಿ ಸಹೃದಯನಿಗೆ ಆನಂದವನ್ನೇ ಕೊಡುವುದೆಂದು ಅಭಿನವಗುಪ್ತನ ಪಕ್ಷ. ನಳನ ಕಥೆಯನ್ನು ಕೇಳಿ ಕಣ್ಣೀರು ಸುರಿಸಿದವನು ಮತ್ತೆ ಕೇಳಲು ಬಂದರೆ ಅವನನ್ನು ಕ್ರೂರನೆಂದು ಯಾರೂ ಹೇಳರು. ಈ ಉತ್ತರವು ಕಾವ್ಯಕ್ಕೆ ಸಲ್ಲುವುದು. ಚಾರಿತ್ರಿಕ ಕಾದಂಬರಿಗೆ ಪೂರ್ತಿಯಾಗಿ ಸಲ್ಲುವುದೋ ಎಂಬುದೇ ಸಂದೇಹ. ಏಕೆಂದರೆ ಅದು ಓದುಗನನ್ನು ಕರೆಯುವಾಗಲೇ, ಇದು ನಡೆದುದು, ಈ ಹಡಗು ಇದ್ದಿತು, ಇಷ್ಟು ಫಿರಂಗಿಗಳಿದ್ದುವು ಎಂದು ಸತ್ಯದ ಹೆಸರಿನಲ್ಲಿ ಕರೆಯುವುದು. ಸತ್ತವರ ಲೆಕ್ಕವನ್ನು ಕೇಳಿದಾಗ, ಇದು ಕಥೆಯಷ್ಟೆ ಎಂದು ಕಾವ್ಯದ ಮರೆಯನ್ನು ಹೊಗುವುದು. ಚರಿತ್ರೆಯಿಂದ ಸಾಲ ತಂದು ಕಾವ್ಯದ ಹೆಸರಿನಲ್ಲಿ ತೀರಿಸದೆ ಉಳಿಯುವುದು ನ್ಯಾಯವಲ್ಲ. ಅಂಥ ಸಾಲವನ್ನು ತೀರಿಸುವ ಪುಸ್ತಕಗಳೂ ಉಂಟು, ತೀರಿಸದವೂ ಉಂಟು. ಪ್ರಯಾಣಿಕನ ಆಯ್ಕೆಯು ನೀತಿಯ ವಿಷಯವಾಗುವುದು ಇಲ್ಲಿಯೇ.

ಫಾರೆಸ್ಟರನಿಗೆ ಕಥೆಯ ಬೀಜವು ದೊರೆತುದು 'ನೇವಲ್ ಕ್ರಾನಿಕಲ್' ಎಂಬ ಹಳೆಯ ಪತ್ರಿಕೆಯ ಸಂಪುಟಗಳಲ್ಲಿ. ಇಂಗ್ಲೆಂಡಿಗೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೂ 1814ರ ಡಿಸೆಂಬರ್ 24ರಂದು ಘೆಂಟ್ ಪಟ್ಟಣದಲ್ಲಿ ಆದ ಒಪ್ಪಂದವನ್ನು ಅವನು ಅಲ್ಲಿ ಓದಿದನು. ಸುದ್ದಿಯು ಹಾಯಿಹಡಗಿನ ವೇಗದಲ್ಲಿ ಸಾಗುತ್ತಿದ್ದ ಕಾಲವಾದುದರಿಂದ, ಒಂದೊಂದು ಸಮುದ್ರದಲ್ಲಿ ಶಾಂತಿಯು ಒಂದೊಂದು ದಿನ ಹುಟ್ಟುವಂತೆ ಅದರಲ್ಲಿ ಬರೆದಿದ್ದರು. ಒಪ್ಪಂದವು ಸ್ಥಿರಪಟ್ಟಮೇಲೆ ಅಮೆರಿಕದ ತೀರದಲ್ಲಿ 12 ದಿನ, ಬಾಲ್ಟಿಕ್ ಮತ್ತು ಮೆಡಿಟರೇನಿಯನ್ ಸಮುದ್ರಗಳಲ್ಲಿ 40 ದಿನ, ಅತಿ ದೂರದ ಕಡಲುಗಳಲ್ಲಿ 120 ದಿನ ಕಳೆದ ಬಳಿಕ ಹಿಡಿದ ಹಡಗನ್ನು ಹಿಂದಕ್ಕೆ ಕೊಡಬೇಕು. ಅಷ್ಟರೊಳಗೆ ಹಿಡಿದುದು ಹಿಡಿದವನದೇ. ಅಷ್ಟರೊಳಗೆ ಸತ್ತವನ ಮಾತನ್ನು ಒಪ್ಪಂದವು ಎತ್ತಲಿಲ್ಲ. ಎತ್ತಿ ಪ್ರಯೋಜನವೂ ಇರಲಿಲ್ಲ. 1815ರ ಜೂನ್ 30ರಂದು ಸುಂದಾ ಜಲಸಂಧಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ 'ನಾಟಿಲಸ್' ಎಂಬ ನೌಕೆಯು ಅಮೆರಿಕದ 'ಪೀಕಾಕ್' ಎಂಬುದನ್ನು ಸಂಧಿಸಿ, ಯುದ್ಧ ಮುಗಿದಿದೆಯೆಂದು ಕೂಗಿ ಹೇಳಿತು. ಹಾಗಾದರೆ ಬಾವುಟವನ್ನಿಳಿಸೆಂದು ಅವನು, ಇಳಿಸೆನೆಂದು ಇವನು. ಗುಂಡು ಹಾರಿತು, ಜನ ಸತ್ತರು.

ಇಂಥ ಸಂಗತಿಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1783ರ ಜೂನ್ 20ರಂದು ಕಡಲೂರಿನ ಎದುರಿಗೆ ಹ್ಯೂಸನ ಇಂಗ್ಲಿಷ್ ಹಡಗುಗಳೂ ಸುಫ್ರೆನನ ಫ್ರೆಂಚ್ ಹಡಗುಗಳೂ ಕಾದಾಡಿದುವು. ಎರಡು ಕಡೆಗಳಲ್ಲಿಯೂ ಸುಮಾರು ನೂರು ನೂರು ಮಂದಿ ಮಡಿದರು. ಯೂರೋಪಿನಲ್ಲಿ ಶಾಂತಿಯ ಕರಡಿಗೆ ರುಜು ಬಿದ್ದು ಆಗಲೇ ಐದು ತಿಂಗಳಾಗಿದ್ದಿತು. ಒಂಬತ್ತು ದಿನಗಳ ಮೇಲೆ ಬಿಳಿಯ ಬಾವುಟದ ಹಡಗೊಂದು ಕಡಲೂರಿಗೆ ಸುದ್ದಿಯನ್ನು ತಂದಿತು. ಅದೇ ಸುದ್ದಿಯು ಮಂಗಳೂರನ್ನು ಮುಟ್ಟಿದಾಗ, ಆ ಕೋಟೆಯನ್ನು ಮುತ್ತಿದ್ದ ಟಿಪ್ಪುಸುಲ್ತಾನನ ಸೈನ್ಯದಿಂದ ಫ್ರೆಂಚರ ತುಕಡಿಯು ಹಿಂದೆಗೆದುಕೊಂಡಿತು. ಫ್ರಾನ್ಸಿನ ಶಾಂತಿಯು ಸುಲ್ತಾನನ ಶಾಂತಿಯಲ್ಲವಷ್ಟೆ. ಮುತ್ತಿಗೆಯು 1784ರ ಜನವರಿಯವರೆಗೂ ಸಾಗಿತು. ಮೂರು ವರ್ಷಗಳ ಹಿಂದೆ ಇದೇ ಮಂಗಳೂರಿನಲ್ಲಿ ಹೈದರನ ಹಡಗುಗಳನ್ನು ಹಾಳುಮಾಡಿದವನೂ ಈ ಹ್ಯೂಸನೇ. ಆ ಹಡಗುಗಳನ್ನು ಕಟ್ಟಿದ ಬಡಗಿಯ ಕಡೆಯಿಂದ ನೋಡಿ ಬರೆದ ಕಾದಂಬರಿಯನ್ನು ಹುಡುಕುವ ಪ್ರಯಾಣಿಕನು ಇಂಗ್ಲಿಷಿನ ಈ ಪ್ರಸಿದ್ಧ ಸಾಲುಗಳಲ್ಲಿ ಅದನ್ನು ಕಾಣನು. ಬೊಂಬಾಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಮರ ಉಳಿಯಿತು, ಕಡಿದವರ ಹೆಸರು ಉಳಿಯಲಿಲ್ಲ.

ಫಾರೆಸ್ಟರನು ಈ ಬೀಜದಿಂದ ಬೆಳೆಸಿದ ಕಥೆಯಲ್ಲಿ ಹಾರ್ನ್‌ಬ್ಲೋವರನು ಸ್ಪೇನಿನ 'ನಾಟಿವಿಡಾಡ್' ಎಂಬ ದೊಡ್ಡ ಹಡಗನ್ನು ಹಿಡಿದು, ಅಪ್ಪಣೆಯಂತೆ ಅದನ್ನು ಹುಚ್ಚನಾದ ಒಬ್ಬ ದಂಗೆಕೋರನ ಕೈಗೆ ಒಪ್ಪಿಸುವನು. ಕೊಟ್ಟಮೇಲೆ ತಿಳಿಯುವುದು, ಸ್ಪೇನು ಈಗ ಶತ್ರುವಲ್ಲ, ಮಿತ್ರನೆಂದು. ಆಗ ತಾನೇ ಕೊಟ್ಟ ಹಡಗನ್ನು ತಾನೇ ಮುಳುಗಿಸಲು ಮತ್ತೆ ಹೋರಾಡಬೇಕಾಗುವುದು. ಮೊದಲನೆಯ ಸಾರಿ ಸುಲಭವಾಗಿ ದೊರೆತ ಜಯಕ್ಕೆ ಎರಡನೆಯ ಸಾರಿ ರಕ್ತದ ಬೆಲೆ ಬೀಳುವುದು. ಇಲ್ಲಿ ಕಾದಂಬರಿಯು ಸಾಲವನ್ನು ತೀರಿಸಿದೆಯೆಂದು ಧಾರಾಳವಾಗಿ ಹೇಳಬಹುದು. ಅಪ್ಪಣೆಗೆ ತಲೆಬಾಗಿದವನು ನಿರ್ದೋಷಿಯೆ? ತಿಳಿಯದೆ ಮಾಡಿದ ಕೊಲೆಯ ಭಾರ ಯಾರ ತಲೆಯ ಮೇಲೆ? ಈ ಪ್ರಶ್ನೆಗಳನ್ನು ಲೇಖಕನು ಬಿಡಿಸಿ ಹೇಳದಿದ್ದರೂ, ಓದುಗನು ಅವುಗಳನ್ನು ಬಿಟ್ಟು ಮುಂದಕ್ಕೆ ಹೋಗಲಾರನು. ಯಾವ ಹಡಗು ಯಾವ ದಿನ ಮುಳುಗಿತೆಂಬುದನ್ನು ಬಲ್ಲ ಓದುಗನು, ತಿಳಿಯದವರ ನಡುವೆ ತಿಳಿದವನಾಗಿ ಕುಳಿತಿರುವನು. ಆ ತಿಳಿವಳಿಕೆಯು ಅವನಿಗೆ ಬಿಟ್ಟಿಯಾಗಿ ಬಂದುದು. ಅದನ್ನು ಹಮ್ಮಿಗೆ ಬಳಸುವುದೂ ಕರುಣೆಗೆ ಬಳಸುವುದೂ ಪುಸ್ತಕವು ಅವನನ್ನು ಕೂರಿಸುವ ಸ್ಥಳವನ್ನು ಅವಲಂಬಿಸಿದೆ.

ಸಾಲವನ್ನು ಅರ್ಧ ತೀರಿಸಿದ ಉದಾಹರಣೆಯೂ ಉಂಟು, ಅದೂ ಈ ಜಾತಿಯ ಅತ್ಯುತ್ತಮ ಲೇಖಕನಲ್ಲಿ. 1801ರ ಮೇ 6ರಂದು ತಾಮಸ್ ಕಾಕ್ರೇನನು 14 ಫಿರಂಗಿಗಳ, 54 ಜನರ 'ಸ್ಪೀಡಿ'ಯಿಂದ 32 ಫಿರಂಗಿಗಳ, 319 ಜನರ 'ಗಾಮೊ' ಎಂಬ ಸ್ಪೇನಿನ ಹಡಗನ್ನು ಹಿಡಿದನು. ಓಬ್ರಿಯನ್ನನ 20 ಕಾದಂಬರಿಗಳ ಮೊದಲನೆಯದಾದ 'ಮಾಸ್ಟರ್ ಅಂಡ್ ಕಮಾಂಡರ್' (1969) ಈ ಸಂಗತಿಯನ್ನು ಹೆಚ್ಚು ಬದಲಿಸದೆ ತೆಗೆದುಕೊಂಡಿತು. ಕಲ್ಪಿಸಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಅದೇ ಕಾಕ್ರೇನನು 1814ರಲ್ಲಿ ಷೇರುಪೇಟೆಯ ವಂಚನೆಯಲ್ಲಿ ಅಪರಾಧಿಯೆಂದು ತೀರ್ಮಾನವಾಗಿ, 1832ರಲ್ಲಿ ರಾಜಕ್ಷಮೆಯನ್ನು ಪಡೆದನು. ಅವನು ನಿಜವಾಗಿ ತಪ್ಪಿತಸ್ಥನೇ ಎಂಬ ವಿವಾದವು ಮುಗಿದಿಲ್ಲ. 'ದಿ ರಿವರ್ಸ್ ಆಫ್ ದಿ ಮೆಡಲ್' (1986) ಎಂಬ ಕಾದಂಬರಿಯಲ್ಲಿ ಇದೇ ಆರೋಪವು ನಾಯಕನಾದ ಆಬ್ರಿಯ ಮೇಲೆ ಬಂದಾಗ, ಅವನು ನಿರಪರಾಧಿಯೆಂಬುದನ್ನು ಲೇಖಕನು ನಿಸ್ಸಂದೇಹವಾಗಿ ತೋರಿಸಿಬಿಡುವನು. ಚರಿತ್ರೆಯು ತೆರೆದಿಟ್ಟ ಬಾಗಿಲನ್ನು ನಾಯಕನ ಮೇಲಿನ ಪ್ರೀತಿಯಿಂದ ಮುಚ್ಚಿದ ಹಾಗಾಯಿತು. ಓದುಗನಿಗೆ ಹಿತ, ಸತ್ಯಕ್ಕೆ ಸ್ವಲ್ಪ ನಷ್ಟ.

ಕಾಕ್ರೇನನ ಹಡಗಿನಲ್ಲಿ 1806ರಲ್ಲಿ ಹುಡುಗನಾಗಿ ಸೇರಿದ ಮ್ಯಾರಿಯಟ್ಟನು ಕಣ್ಣಾರೆ ಕಂಡುದನ್ನೇ ಬರೆದನು. 'ಪೀಟರ್ ಸಿಂಪಲ್' (1834), 'ಮಿಸ್ಟರ್ ಮಿಡ್‌ಷಿಪ್‌ಮನ್ ಈಜಿ' (1836) ಮೊದಲಾದ ಅವನ ಕಥೆಗಳಲ್ಲಿ ನಗೆಯೇ ಹೆಚ್ಚು. ನಾವಿಕರನ್ನು ಬಲಾತ್ಕಾರವಾಗಿ ಹಿಡಿಯುವ ಪದ್ಧತಿಯನ್ನು ನಿಲ್ಲಿಸಬೇಕೆಂದು 1822ರಲ್ಲಿ ಪುಸ್ತಿಕೆ ಬರೆದವನೂ ಅವನೇ. ನಗಲು ಅವನಿಗೆ ಅಧಿಕಾರವಿದ್ದಿತು. ಇನ್ನು ಮೆಲ್ವಿಲ್ಲನ 'ವೈಟ್ ಜಾಕೆಟ್' (1850) ಬೇರೆಯ ಜಾತಿ. ಅಮೆರಿಕದ ಯುದ್ಧನೌಕೆಯೊಂದರಲ್ಲಿ ದುಡಿಯುವಾಗ ನೂರಕ್ಕೂ ಮಿಕ್ಕ ಛಡಿಯೇಟಿನ ಶಿಕ್ಷೆಗಳಿಗೆ ಸಾಕ್ಷಿಯಾಗಿ ನಿಲ್ಲಬೇಕಾಗಿ ಬಂದವನು ಆ ಕೋಪದಿಂದ ಬರೆದ ಪುಸ್ತಕವದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಶಾಸನಸಭೆಯು ನೌಕಾಪಡೆಯಲ್ಲಿ ಛಡಿಯೇಟನ್ನು ನಿಲ್ಲಿಸಿತು. ಚಳವಳಿಯು ಮೊದಲೇ ನಡೆದಿದ್ದುದರಿಂದ ಪುಣ್ಯವನ್ನೆಲ್ಲ ಪುಸ್ತಕಕ್ಕೇ ಕಟ್ಟಲಾಗದು. ನೆಮ್ಮದಿಯ ನಿದ್ರೆಯನ್ನು ಬಯಸುವ ಪ್ರಯಾಣಿಕನು ಇದನ್ನು ಚೀಲದಲ್ಲಿ ಇಡದಿರುವುದೇ ಲೇಸು.

ಹಗ್ಗ ಹಾಯಿಗಳ ನೂರಾರು ಹೆಸರುಗಳಿಗೆ ಹೆದರಿ ಓಬ್ರಿಯನ್ನನನ್ನು ಬಿಡುವವರಿದ್ದಾರೆ. ಆ ಭಯಕ್ಕೆ ಕಾರಣವಿಲ್ಲ. ನಾಯಕನ ಗೆಳೆಯನಾದ ವೈದ್ಯ ಮ್ಯಾಟುರಿನನಿಗೂ ಅವು ಕೊನೆಯವರೆಗೆ ಸರಿಯಾಗಿ ತಿಳಿಯವು. ಓದುಗನು ಅವನ ಪಕ್ಕದಲ್ಲಿ ನಿಂತರೆ ಸಾಕು. ನಡುವಣ ಸಂಪುಟವನ್ನು ಮೊದಲು ತೆಗೆದುಕೊಂಡು ಹೊರಡಬಾರದೆಂಬುದೊಂದೇ ಎಚ್ಚರಿಕೆ. ಒಂದೇ ಪುಸ್ತಕಕ್ಕೆ ಎಡೆಯಿರುವವನು ಮೂರನೆಯದಾದ 'ಎಚ್. ಎಂ. ಎಸ್. ಸರ್‌ಪ್ರೈಸ್' (1973) ಎಂಬುದಕ್ಕಾಗಿ ಈ ನಿಯಮವನ್ನು ಮುರಿಯಬಹುದು. ಅದರ ಹಡಗು ಬೊಂಬಾಯಿಗೆ ಬರುವುದು. ಅಲ್ಲಿ ದಿಲ್ ಎಂಬ ಬಡ ಹುಡುಗಿಯು ಮ್ಯಾಟುರಿನನಿಗೆ ಊರನ್ನು ತೋರಿಸುವಳು. ಬೆಳ್ಳಿಯ ಬಳೆಗಳೆಂದರೆ ಅವಳಿಗೆ ಬಹಳ ಆಸೆ. ಅವನು ಅವುಗಳನ್ನು ಕೊಡಿಸುವನು. ಆ ಬಳೆಗಳಿಗಾಗಿಯೇ ಯಾರೋ ಅವಳನ್ನು ಕೊಲ್ಲುವರು. ಶತ್ರುವಿಲ್ಲ, ಫಿರಂಗಿಯಿಲ್ಲ, ಪ್ರೀತಿಯಿಂದ ಕೊಟ್ಟ ಕೊಡುಗೆಯೊಂದೇ. ಕೊಟ್ಟವನಿಗೆ ತಿಳಿಯಬೇಕಾಗಿದ್ದಿತೆ? ತಿಳಿಯಲು ಸಾಧ್ಯವಿದ್ದಿತೆ? ಮ್ಯಾಟುರಿನನು ಅವಳ ದೇಹವನ್ನು ಸಮುದ್ರತೀರಕ್ಕೆ ತಂದು ತಾನೇ ದಹನಮಾಡುವನು. ಆಮೇಲೆ ಹಡಗು ಹಾಯಿಯೆತ್ತಿ ಹೊರಡುವುದು, ಓದುಗನೂ ಹಾಳೆಯನ್ನು ತಿರುಗಿಸುವನು; ಆದರೆ ಮುಂದಿನ ಒಂದೆರಡು ನಿಲ್ದಾಣಗಳವರೆಗೆ ಕಿಟಕಿಯ ಹೊರಗೆ ನೋಡದೆ ಓದಲಾರನು.