ಋಣ ಹರಿಯದ ಗಡಿಯಾರ

ನೆಂಟರ ಮನೆಗೂ ಅಂಗಡಿಗೂ ಒಂದು ವ್ಯತ್ಯಾಸವಿದೆ. ನೆಂಟರ ಮನೆಯಲ್ಲಿ ಉಂಡರೆ ಋಣ ಉಳಿಯುತ್ತದೆ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಅಲ್ಲಿಗೆ ಲೆಕ್ಕ ಚುಕ್ತಾ. ವ್ಯಾಪಾರದ ದೊಡ್ಡ ಅನುಕೂಲವೇ ಅದು. ಮಾರಿದವನೂ ಕೊಂಡವನೂ ಆಮೇಲೆ ತಮ್ಮ ತಮ್ಮ ದಾರಿ ಹಿಡಿಯಬಹುದು. ಹಾಗಿದ್ದರೆ, ಪೂರ್ತಿ ಬೆಲೆ ಕೊಟ್ಟು ಕೈಗೆ ಕಟ್ಟಿಕೊಂಡ ಮೇಲೂ ‘ನಿನ್ನ ಮುಂದಿನ ಫೋನೂ ನಮ್ಮದೇ ಆಗಿರಬೇಕು’ ಎನ್ನುವ ಗಡಿಯಾರವನ್ನು ನಾವು ನಿಜವಾಗಿಯೂ ಕೊಂಡಿದ್ದೇವೆಯೇ?

ಇದು ಒಂದೇ ಕಂಪನಿಯ ಕತೆಯಲ್ಲ. ಆಪಲ್ ವಾಚ್ 2015ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದಲೂ ಅದನ್ನು ಸೆಟಪ್ ಮಾಡಲು ಐಫೋನ್ ಬೇಕು. ಸ್ಯಾಮ್‌ಸಂಗ್‌ನ ಹಿಂದಿನ ಹಲವು ವಾಚುಗಳು ಐಫೋನಿಗೂ ಒಗ್ಗುತ್ತಿದ್ದವು. 2021ರ ಗ್ಯಾಲಕ್ಸಿ ವಾಚ್ 4ರಿಂದ ಅದು ನಿಂತಿತು. 2022ರಲ್ಲಿ ಬಂದ ಗೂಗಲ್ ಪಿಕ್ಸೆಲ್ ವಾಚ್ ಕೂಡ ಐಫೋನಿಗೆ ಜೋಡಣೆಯಾಗುವುದಿಲ್ಲ. ಗ್ಯಾಲಕ್ಸಿ ವಾಚನ್ನು ಬೇರೆ ಕಂಪನಿಯ ಆಂಡ್ರಾಯ್ಡ್ ಫೋನಿಗೆ ಜೋಡಿಸಿದರೆ ಅದು ಹೆಜ್ಜೆ ಎಣಿಸುತ್ತದೆ, ಆದರೆ ಇಸಿಜಿಗೆ ಸ್ಯಾಮ್‌ಸಂಗ್ ಫೋನೇ ಆಗಬೇಕು. ಇವೆಲ್ಲವೂ ಫೋನಿನೊಡನೆ ಮಾತಾಡುವುದು ಬ್ಲೂಟೂತ್ ಮೂಲಕ. ಡೆನ್ಮಾರ್ಕನ್ನು ಒಗ್ಗೂಡಿಸಿದನೆಂದು ಹೆಸರಾದ ಹತ್ತನೆಯ ಶತಮಾನದ ರಾಜನ ಹೆಸರು ಅದು!

ಕಂಪನಿಗಳ ಪರವಾಗಿ ಎರಡು ಮಾತುಗಳಿವೆ, ಎರಡೂ ಹಗುರವಲ್ಲ. ಮೊದಲನೆಯದು ಎಂಜಿನಿಯರಿಂಗಿನದು. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನನಗೆ ಇದರ ಬಿಸಿ ಗೊತ್ತು. 5 ಬಗೆಯ ಫೋನು, 3 ಆವೃತ್ತಿಯ ತಂತ್ರಾಂಶ ಎಂದರೆ 15 ಬಗೆಯ ಟೆಸ್ಟಿಂಗ್. ಎಲ್ಲರ ಜೊತೆಗೂ ಹೊಂದಿಕೊಳ್ಳಲು ಹೋಗಿ ಯಾರ ಜೊತೆಗೂ ಸರಿಯಾಗಿ ನಡೆಯದ ಉತ್ಪನ್ನಗಳನ್ನು ನಾವೆಲ್ಲ ನೋಡಿದ್ದೇವೆ. ಅಮೆರಿಕದ ನ್ಯಾಯ ಇಲಾಖೆ 2024ರ ಮಾರ್ಚಿನಲ್ಲಿ ಆಪಲ್ ಮೇಲೆ ದಾವೆ ಹೂಡಿದಾಗ, ಗ್ರಾಹಕರು ಬೇರೆ ಫೋನಿಗೆ ಹೋಗದಂತೆ ತಡೆಯಲು ಈ ವಾಚ್ ನೆರವಾಗುತ್ತಿದೆ ಎಂಬುದೂ ಆರೋಪಗಳಲ್ಲಿ ಒಂದಾಗಿತ್ತು. ಆಂಡ್ರಾಯ್ಡಿಗೆ ತರಲು 3 ವರ್ಷ ಯತ್ನಿಸಿ ತಾಂತ್ರಿಕ ಮಿತಿಗಳಿಂದಾಗಿ ಕೈಬಿಟ್ಟೆವು ಎಂದು ಕಂಪನಿ ಹೇಳಿಕೊಂಡದ್ದು ಆಗ ಪತ್ರಿಕೆಗಳಲ್ಲಿ ಬಂತು.

ಈ ವಾದವನ್ನು ಅರ್ಧದವರೆಗೆ ಒಪ್ಪಬಹುದು. ನೆರವಾಗದೆ ಇರುವುದು ಬೇರೆ, ಬಾಗಿಲು ಹಾಕಿಕೊಳ್ಳುವುದು ಬೇರೆ. ನನ್ನ ಮನೆಗೆ ಬರಲು ನಿಮಗೆ ಆಟೋ ಕಳಿಸದಿದ್ದರೆ ತಪ್ಪಲ್ಲ. ನೀವೇ ನಡೆದು ಬಂದಾಗ ಗೇಟಿಗೆ ಬೀಗ ಹಾಕಿದರೆ ಅದು ಬೇರೆಯದೇ ಮಾತು. ಗಾರ್ಮಿನ್ ವಾಚಿನಿಂದ ಆಂಡ್ರಾಯ್ಡ್ ಫೋನಿಗೆ ಬಂದ ಸಂದೇಶಕ್ಕೆ ಉತ್ತರಿಸಬಹುದು, ಐಫೋನಿನಲ್ಲಿ ಓದಬಹುದಷ್ಟೇ. ವಾಚು ಅದೇ, ಕೈಯೂ ಅದೇ. ವ್ಯತ್ಯಾಸ ಇರುವುದು ಫೋನು ಕೊಡುವ ಅನುಮತಿಯಲ್ಲಿ. ಯುರೋಪಿಯನ್ ಕಮಿಷನ್ 2025ರ ಮಾರ್ಚಿನಲ್ಲಿ, ಬೇರೆ ಕಂಪನಿಗಳ ವಾಚುಗಳಿಗೂ ಐಫೋನಿನ ಇಂಥ ಸೌಲಭ್ಯಗಳನ್ನು ತೆರೆಯಬೇಕೆಂದು ಆಪಲ್‌ಗೆ ಹೇಳಿದ್ದರ ಹಿಂದೆಯೂ ಇದೇ ವಿವೇಚನೆ ಇದೆ.

ಎರಡನೆಯ ಮಾತು ಒಪ್ಪಿಗೆಯದು. ಡಬ್ಬಿಯ ಮೇಲೆ ಬರೆದಿದೆ, ಓದಿ ಕೊಂಡಿದ್ದೀರಿ, ಈಗ ದೂರುವುದೇಕೆ? ಆದರೆ ಒಳಗೆ ಬರಲು ಕೊಟ್ಟ ಒಪ್ಪಿಗೆ, ಹೊರಗೆ ಹೋಗುವ ಹಕ್ಕನ್ನು ಬಿಟ್ಟುಕೊಟ್ಟಂತೆ ಅಲ್ಲ. ಇವತ್ತಿನ ನಾನು ನಾಲ್ಕು ವರ್ಷದ ನಂತರದ ನನ್ನ ಪರವಾಗಿ ಎಷ್ಟರಮಟ್ಟಿಗೆ ಸಹಿ ಹಾಕಬಹುದು?

ಊರು ಬಿಟ್ಟ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನಂಬರ್ ಉಳಿಸಿಕೊಂಡೇ ಮೊಬೈಲ್ ಕಂಪನಿ ಬದಲಿಸುವ ಸೌಲಭ್ಯ ಇಡೀ ದೇಶಕ್ಕೆ ಬಂದದ್ದು 2011ರ ಜನವರಿಯಲ್ಲಿ. ಒಂದು ಸರ್ಕಲ್‌ನಿಂದ ಇನ್ನೊಂದಕ್ಕೆ ನಂಬರನ್ನು ಒಯ್ಯಲು ಸಾಧ್ಯವಾದದ್ದು 2015ರ ಜುಲೈನಲ್ಲಿ. ಅದಕ್ಕೂ ಮೊದಲು ಕರ್ನಾಟಕದಿಂದ ಪುಣೆಗೋ ಹೈದರಾಬಾದಿಗೋ ಬಂದವರಿಗೆ ಇದ್ದದ್ದು ಎರಡೇ ದಾರಿ: ರೋಮಿಂಗ್ ದುಡ್ಡು ತೆರುವುದು, ಇಲ್ಲವೇ ಹೊಸ ನಂಬರ್ ತೆಗೆದುಕೊಂಡು ಎಲ್ಲರಿಗೂ ತಿಳಿಸುತ್ತ ಕೂರುವುದು. ನಂಬರ್ ನಮ್ಮದೋ ಕಂಪನಿಯದೋ ಎಂಬ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ನಮ್ಮಲ್ಲಿ ಬಹಳ ಜನ ಆ ಸೌಲಭ್ಯವನ್ನು ಒಮ್ಮೆಯೂ ಬಳಸಿರಲಿಕ್ಕಿಲ್ಲ. ಆದರೂ ಹೋಗಬಲ್ಲ ಗ್ರಾಹಕನನ್ನು ಕಂಪನಿ ಮಾತಾಡಿಸುವ ರೀತಿಯೇ ಬೇರೆ.

ಕೊಂಡದ್ದು ನನ್ನದು ಎನ್ನಲು ಇನ್ನೊಂದು ಪರೀಕ್ಷೆ ಇದೆ: ಅದನ್ನು ಇನ್ನೊಬ್ಬರಿಗೆ ಕೊಡಬಲ್ಲೆನೇ? ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ತಯಾರಿಕೆ ಆರಂಭಿಸಿದ್ದು 1961ರಲ್ಲಿ. ಆ ವಾಚ್ ಕಂಪನಿ 2016ರ ಹೊತ್ತಿಗೆ ಮುಚ್ಚಿತು. ಆದರೆ ಅಪ್ಪನ ಕೈಯಿಂದ ಮಗನ ಕೈಗೆ ಬಂದ ‘ಜನತಾ’ ಇವತ್ತಿಗೂ ಕೀ ಕೊಟ್ಟರೆ ನಡೆಯುತ್ತದೆ. ತಯಾರಿಸಿದವರೇ ಇಲ್ಲದಿದ್ದರೂ ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಹಳೆಯದೆಲ್ಲ ಚೆನ್ನ ಎಂಬ ಹಾಡು ಇದಲ್ಲ. ಎಚ್‌ಎಂಟಿ ಎದೆಬಡಿತ ಎಣಿಸುತ್ತಿರಲಿಲ್ಲ, ಬಿದ್ದರೆ ಮಗನಿಗೆ ಸುದ್ದಿ ಮುಟ್ಟಿಸುತ್ತಿರಲಿಲ್ಲ. ಈ ಹೊಸ ಗುಣಗಳು ನಿಜಕ್ಕೂ ಬೇಕಾಗಿರುವುದು ಊರಿನಲ್ಲಿ ಒಂಟಿಯಾಗಿರುವ ಅಪ್ಪ ಅಮ್ಮಂದಿರಿಗೆ. ನಮ್ಮಂಥವರ ಮನೆಗಳಲ್ಲಿ ಹೊಸ ಫೋನ್ ಬಂದರೆ ಹಳೆಯದು ಊರಿಗೆ ಹೋಗುವುದು ರೂಢಿ. ಹಳೆಯ ವಾಚು ಮಾತ್ರ ಹಾಗೆ ಸುಲಭವಾಗಿ ಹೋಗಲಾರದು. ಅಮ್ಮನ ಕೈಯಲ್ಲಿರುವ ಫೋನಿನ ಬ್ರ್ಯಾಂಡ್ ಬೇರೆ. ಅವಳಿಗೆ ಹತ್ತಿಪ್ಪತ್ತು ವರ್ಷದಿಂದ ಗೊತ್ತಿರುವ ನಂಬರ್ ಉಳಿಯಿತು, ಮಗ ಪ್ರೀತಿಯಿಂದ ಕೊಟ್ಟ ವಾಚು ಡ್ರಾಯರಿನಲ್ಲಿ ಉಳಿಯಿತು.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ನನ್ನ ಮಟ್ಟಿಗೆ, ಗಂಟೆ, ಹೆಜ್ಜೆ, ಎದೆಬಡಿತ, ಕರೆ ಮತ್ತು ಸಂದೇಶದ ಸೂಚನೆ, ಆಪತ್ತಿನ ಕರೆ ಇಷ್ಟಂತೂ ಯಾವ ಫೋನಿನ ಜೊತೆಗಾದರೂ ನಡೆಯಬೇಕು. ದೇಹದ ಲೆಕ್ಕವೆಲ್ಲ ಬೇರೆ ಕಡೆ ಒಯ್ಯಲು ಬರುವಂತಿರಬೇಕು. ಇದರ ಮೇಲಿನ ಬೆಡಗು ಬಿನ್ನಾಣವನ್ನು ತಮ್ಮ ಫೋನು ಕೊಂಡವರಿಗೇ ಮೀಸಲಿಟ್ಟುಕೊಳ್ಳಲಿ, ತಕರಾರಿಲ್ಲ.

ಇದನ್ನು ಓದುವವರಲ್ಲಿ ಅನೇಕರು ಕೊಳ್ಳುವವರಷ್ಟೇ ಅಲ್ಲ, ಇಂಥವನ್ನು ಕಟ್ಟುವವರೂ ಹೌದು. ಗ್ರಾಹಕರು ಅಂಟಿಕೊಂಡಿರುವುದಕ್ಕೆ ನಮ್ಮ ಮೀಟಿಂಗುಗಳಲ್ಲಿ ‘ಸ್ಟಿಕಿನೆಸ್’ ಎನ್ನುತ್ತೇವೆ, ಅದು ಏರಿದರೆ ಚಪ್ಪಾಳೆ. ಜೇನಿಗೂ ನೊಣ ಅಂಟುತ್ತದೆ, ಗೋಂದಿಗೂ ಅಂಟುತ್ತದೆ. ಮುಂದಿನ ಡಿಸೈನ್ ರಿವ್ಯೂನಲ್ಲಿ ಇಷ್ಟು ಕೇಳೋಣ: ನಮ್ಮನ್ನು ಬಿಟ್ಟು ಹೋಗುವವನ ಕೈಯಲ್ಲಿ ಏನು ಉಳಿಯುತ್ತದೆ? ಏನೂ ಉಳಿಯುವುದಿಲ್ಲ ಎಂದಾದರೆ, ನಾವು ಅವನಿಗೆ ಮಾರಲಿಲ್ಲ, ಬಾಡಿಗೆಗೆ ಕೊಟ್ಟೆವು. ಬಾಡಿಗೆ ಎಂದೇ ಬರೆದು, ಬಾಡಿಗೆಯಷ್ಟೇ ಬೆಲೆ ಕೇಳುವುದು ನ್ಯಾಯ.