ಎದುರುಬದುರು ಎರಡು ಕುರ್ಚಿ

ಯಳಂದೂರು ಕಡೆಯ ನಮ್ಮ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿ ಬೆಂಗಳೂರಿಗೆ ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. ಮೇಜಿನ ಆಚೆ ಕೂತವರು ಕೇಳಿದ ಮೊದಲ ಮಾತು: 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.' ಒಂದೊಂದು ಪದದ ಅರ್ಥವೂ ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಬರಲಿಲ್ಲ. ವಾಪಸು ಬಂದವಳು ಅಂದಳು: 'ಇಂಗ್ಲಿಷ್ ಬರ್ಲಿಲ್ಲ ಅಂತಲ್ಲ ಕಣಣ್ಣ. ನಿನ್ ಬಗ್ಗೆ ಹೇಳು ಅಂತ ಕನ್ನಡದಲ್ಲೂ ನನ್ನ ಯಾರೂ ಕೇಳಿರ್ಲಿಲ್ಲ.'

ಈ ಮಾತು ನಮ್ಮನ್ನು ಬಹಳ ದಿನ ಕಾಡಿದೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಹಾಸ್ಟೆಲ್ಲುಗಳಲ್ಲಿ ಈಗ ರಾತ್ರಿ ಊಟವಾದ ಮೇಲೆ ಹುಡುಗರು ಫೋನು ಹಿಡಿದು ಟೀವಿಯ ಇಂಗ್ಲಿಷ್ ಸಂದರ್ಶನಗಳನ್ನು ನೋಡುತ್ತಾರೆ. ಸಿನಿಮಾದವರು, ಆಟಗಾರರು, ಮಂತ್ರಿಗಳು, ಯಾರಾದರೂ ಸರಿ. ಐದು ನಿಮಿಷದ ತುಂಡನ್ನೇ ಮೂರು ಸಲ ಹಾಕುತ್ತಾರೆ. ಮೊದಲು ಸುಮ್ಮನೆ ಕೇಳುವುದು, ಆಮೇಲೆ ಕೆಳಗೆ ಬರುವ ಅಕ್ಷರ ಓದಿಕೊಂಡು ಕೇಳುವುದು, ಕೊನೆಗೆ ಜೊತೆಜೊತೆಗೇ ಬಾಯಿಬಿಟ್ಟು ಹೇಳುವುದು. ಪದ ಬರೆದುಕೊಳ್ಳದೆ ಇಡೀ ಮಾತನ್ನೇ ಬರೆದುಕೊಳ್ಳುತ್ತಾರೆ. 'ವಾಟ್ ಡು ಯು ಮೀನ್ ಬೈ ದಟ್?' 'ಐ ಡೋಂಟ್ ಅಗ್ರೀ.' 'ಲೆಟ್ ಮಿ ಫಿನಿಶ್.' ಇದನ್ನು ಕಂಡು ಕೆಲವು ಗೆಳೆಯರು ಮೂಗು ಮುರಿಯುತ್ತಾರೆ. ಉಳ್ಳವರ ಹರಟೆಯನ್ನು ಗಿಳಿಪಾಠ ಮಾಡಿದರೆ ಕ್ರಾಂತಿಯಾಗುತ್ತದೆಯೇ ಎನ್ನುತ್ತಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಅಷ್ಟು ಸಲೀಸಲ್ಲ.

ನಮ್ಮ ತಾತಂದಿರಿಗೆ ಇಂಗ್ಲಿಷು ಕಂಡದ್ದು ಹೇಗೆ? 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕಡೆ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನ ದಿವಾನ್ ಪೂರ್ಣಯ್ಯನವರ ಮನೆತನಕ್ಕೆ ಸೇರಿದ ಜಹಗೀರು. ಗಡಿ ಯಾವ ಕಡೆಯಾದರೇನು, ಇಂಗ್ಲಿಷು ಬಂದದ್ದು ಕಾಗದವಾಗಿ. ಅದರ ಮೇಲೆ ಹೆಬ್ಬೆಟ್ಟು ಒತ್ತುವುದಷ್ಟೇ ನಮ್ಮ ಪಾಲು. ಆಮೇಲೆ ಶಾಲೆ ಬಂತು. ಅಲ್ಲಿ ನಾವು ಬರೆದ ಮೊದಲ ಇಂಗ್ಲಿಷು ಯಾವುದು ಎಂದು ಮೇಷ್ಟ್ರುಗಳೇ ನೆನಪು ಮಾಡಿಕೊಳ್ಳಲಿ. ರಜಾ ಚೀಟಿ! 'ಐ ಬೆಗ್ ಟು ಸ್ಟೇಟ್' ಎಂದು ಶುರು, 'ಯುವರ್ಸ್ ಒಬೀಡಿಯೆಂಟ್ಲಿ' ಎಂದು ಮುಕ್ತಾಯ. ಬೇಡುವುದು, ತಲೆಬಾಗುವುದು. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಿದ್ದಾರೆ. ಒಳ್ಳೆಯದೇ ಆಯಿತು. ಆದರೆ ಮಕ್ಕಳು ಕಲಿತ ಇಂಗ್ಲಿಷು ಇನ್ನೂ ಬಹಳ ಕಡೆ ನಿಂತುಕೊಂಡು, ಕೈಕಟ್ಟಿಕೊಂಡು ಒಪ್ಪಿಸುವ ಇಂಗ್ಲಿಷೇ.

ಟೀವಿ ಸಂದರ್ಶನದಲ್ಲಿ ಹುಡುಗರು ಮೊದಲ ಸಲ ಬೇಡದೆ ಇರುವ ಇಂಗ್ಲಿಷನ್ನು ಕೇಳುತ್ತಿದ್ದಾರೆ. ಎರಡು ಕುರ್ಚಿ, ಎದುರುಬದುರು, ಒಂದೇ ಎತ್ತರ. ಕೇಳುವವನಿಗೂ 'ಯು', ಹೇಳುವವನಿಗೂ 'ಯು'. ನಮ್ಮೂರಿನ ಕನ್ನಡದಲ್ಲಿ ಇಂಥದ್ದು ಎಲ್ಲಿದೆ? ಮೀಸೆ ಮೂಡದ ಗೌಡರ ಹುಡುಗ ನಮ್ಮ ಮುದುಕನನ್ನು 'ಏನ್ಲಾ, ಬಾರ್ಲಾ' ಎನ್ನುತ್ತಿದ್ದ. ಮುದುಕ 'ಬಂದೆ ಬುದ್ಧೀ' ಎನ್ನುತ್ತಿದ್ದ. ಆ ಮಾತು ಇನ್ನೂ ಪೂರಾ ಸತ್ತಿಲ್ಲ. ಒಂದು ವಿಚಿತ್ರ ನೋಡಿ. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ಮಂಟೇಸ್ವಾಮಿಯನ್ನು, ಬೆಟ್ಟದ ದಾರಿಯಲ್ಲಿ ನಮ್ಮ ಜನ ಮಾದಪ್ಪನನ್ನು, 'ನೀನು' ಎಂದೇ ಕರೆಯುತ್ತಾರೆ. ಬೈಯುವುದೂ ಉಂಟು. ದೇವರಿಗೆ ಏಕವಚನ, ಜಮೀನುದಾರನಿಗೆ ಬುದ್ಧಿ! ಇಂಥ ಊರಿಂದ ಬಂದವನಿಗೆ 'ಲೆಟ್ ಮಿ ಫಿನಿಶ್', ಅಂದರೆ 'ತಡೀರಿ, ನನ್ ಮಾತು ಮುಗೀಲಿ' ಎಂಬುದು ಬರೀ ಪದಸಂಪತ್ತಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಅದನ್ನು ಕನ್ನಡದಲ್ಲಿ ಹೇಳಿದವರಿಗೆ ದಂಡ ಬಿದ್ದಿದೆ, ಏಟೂ ಬಿದ್ದಿದೆ.

ಹಾಗೆಂದು ಇಂಗ್ಲಿಷಿಗೆ ಜಾತಿಯಿಲ್ಲ ಎಂದು ನಾವು ಸಾರುತ್ತಿಲ್ಲ. ಉತ್ತರಪ್ರದೇಶದ ಬಂಕಾ ಗ್ರಾಮದಲ್ಲಿ 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಇರುವ ದೇವರುಗಳನ್ನೇ ಸಾಕಲಾಗದ ನಮಗೆ ಇನ್ನೊಂದು ಬೇಡ. ಸಂದರ್ಶನದ ಇಂಗ್ಲಿಷಿನಲ್ಲಿ ಒಂದು ವಿಷವೂ ಇದೆ. ಅದು 'ಐ' ಎಂಬ ಅಕ್ಷರ. ಬರೆಯುವಾಗಲೂ ಅವರಿಗೆ 'ನಾನು' ಯಾವತ್ತೂ ದೊಡ್ಡಕ್ಷರ, 'ನೀನು' ಚಿಕ್ಕದು. ಅಮೆರಿಕದ ಕಪ್ಪು ಹೆಣ್ಣುಮಗಳು ಓಪ್ರಾ ವಿನ್‌ಫ್ರೇ 1986ರಿಂದ 2011ರವರೆಗೆ 25 ವರ್ಷ ಇಂಥ ಕಾರ್ಯಕ್ರಮ ನಡೆಸಿದರು. ಮಿಸಿಸಿಪ್ಪಿಯ ಬಡತನದಲ್ಲಿ ಹುಟ್ಟಿದವರು ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕೂತದ್ದು ಸಣ್ಣ ಮಾತಲ್ಲ. ಆದರೂ ಆ ಬಗೆಯ ಮಾತುಕತೆಯಲ್ಲಿ ಎಂಥ ಸಾಮೂಹಿಕ ನೋವೂ ಕೊನೆಗೆ ಒಬ್ಬರ ಕಥೆಯಾಗುತ್ತದೆ. ಬಿದ್ದೆ, ಅತ್ತೆ, ಎದ್ದೆ, ಗೆದ್ದೆ. ಕೇರಿ ಎಲ್ಲಿ ಹೋಯಿತು? ಇದನ್ನೇ ಕಲಿತು ಬಂದ ಒಬ್ಬಿಬ್ಬರು ಅವ್ವನ ಮಾತಿಗೆ 'ವಾಟ್?' ಎಂದು ಹುಬ್ಬು ಗಂಟಿಕ್ಕುವುದನ್ನು ಕಂಡಿದ್ದೇವೆ. ಬುದ್ಧಿ ಅನ್ನಿಸಿಕೊಳ್ಳುವ ಆಸೆ ಭಾಷೆ ಬದಲಾದರೆ ಹೋಗುವುದಿಲ್ಲ.

ಟೀವಿ ನಮ್ಮನ್ನೂ ಮಾತಾಡಿಸಿದ್ದುಂಟು. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು 17 ಜನ ಸತ್ತರು. ಆಗ ಕ್ಯಾಮೆರಾಗಳು ಬಂದವು. ಕುರ್ಚಿ ಬರಲಿಲ್ಲ, ಮೈಕು ಬಂತು. ಬಡವನಿಗೆ ಟೀವಿ ಪ್ರಶ್ನೆ ಕೇಳುವುದು ಅವನ ಮನೆಯಲ್ಲಿ ಹೆಣ ಬಿದ್ದಾಗ. ಅದೂ ಅವನನ್ನು ನಿಲ್ಲಿಸಿಕೊಂಡು. ಈ ದೇಶದ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ಅವನನ್ನು ಕೇಳುವುದಿಲ್ಲ.

ಹಾಗೆ ಕೇಳಿಸಿಕೊಂಡು ಉತ್ತರ ಕೊಟ್ಟವರೊಬ್ಬರಿದ್ದಾರೆ. 1955ರಲ್ಲಿ ಬಿಬಿಸಿ ರೇಡಿಯೊದವರು ಬಾಬಾಸಾಹೇಬರನ್ನು ಗಾಂಧಿಯ ಬಗ್ಗೆ ಮಾತಾಡಿಸಿದರು. ಆ ಧ್ವನಿ ಇವತ್ತು ಯಾರ ಫೋನಿನಲ್ಲಾದರೂ ಸಿಗುತ್ತದೆ. ಹಾಸ್ಟೆಲ್ ಗೆಳೆಯರಿಗೆ ನಾವು ಅದನ್ನೇ ಹಾಕಿ ಕೇಳಿಸುತ್ತಿದ್ದೇವೆ. ವಾಕ್ಯಗಳು ಗಿಡ್ಡ, ಪದಗಳು ಸಾದಾ. ಗಾಂಧಿಯನ್ನು ಮಹಾತ್ಮ ಎನ್ನಲು ತಾವು ಒಪ್ಪುವುದಿಲ್ಲ ಎನ್ನುತ್ತಾರೆ. ದನಿ ಏರುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಗಾಂಧಿ ಜಾತಿಯ ಬಗ್ಗೆ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಬರೆದರು, ಗುಜರಾತಿ ಪತ್ರಿಕೆಯಲ್ಲಿ ಇನ್ನೊಂದು ಬರೆದರು ಎಂಬುದು ಅಲ್ಲಿ ಅವರು ಹೊರಿಸುವ ಆರೋಪ. ಆರೋಪ ಎಷ್ಟು ಸರಿ ಎಂದು ವಾದ ನಡೆಯಲಿ. ನಮ್ಮ ಹುಡುಗರು ಮಾತ್ರ ಅಲ್ಲಿ ನಿಲ್ಲಿಸಿ ಮತ್ತೆ ಹಾಕಿದರು. ಎರಡು ಭಾಷೆಯಲ್ಲಿ ಎರಡು ಮಾತಾಡುವವರನ್ನು ಹಿಡಿಯಬೇಕಾದರೆ ಹಿಡಿಯುವವನಿಗೆ ಎರಡೂ ಭಾಷೆ ಬೇಕು. ಇಂಗ್ಲಿಷಿನಲ್ಲಿ ಸಮಾನತೆಯ ಭಾಷಣ ಮಾಡಿ, ಊರಿಗೆ ಬಂದು ಕನ್ನಡದಲ್ಲಿ 'ಏನ್ಲಾ' ಎನ್ನುವವರು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆಯೇನಿಲ್ಲ.

ಆ ಹುಡುಗಿ ಇನ್ನೊಂದು ಸಂದರ್ಶನಕ್ಕೆ ಹೋದಳು. ಈ ಸಲ ತನ್ನ ಬಗ್ಗೆ ಹೇಳಿದಳು. ಅವಳದು, ಅವಳವ್ವನದು, ಕೇರಿಯದು. ಕೊನೆಗೆ ಅವರು, ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದರಂತೆ. 'ನಮ್ಮ ಜನ ನಿಮ್ಮಲ್ಲಿ ಎಷ್ಟು ಮಂದಿ ಕೆಲಸ ಮಾಡ್ತಾವ್ರೆ?' ಎಂಬುದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಕೇಳಿದಳು. ಆ ಕೆಲಸ ಸಿಗಲಿಲ್ಲ.

ಈಗ ಅವಳು ಶನಿವಾರ ಸಂಜೆ ಹಾಸ್ಟೆಲ್ಲಿಗೆ ಬಂದು ಎರಡು ಕುರ್ಚಿ ಎದುರುಬದುರು ಹಾಕುತ್ತಾಳೆ. ಚಿಕ್ಕವರು ಜೋಡಿಯಾಗಿ ಕೂರಬೇಕು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಹೋದ ಶನಿವಾರ ಬೆಟ್ಟದ ಪೋಡಿನಿಂದ ಬಂದ ಸೋಲಿಗರ ಹುಡುಗನೊಬ್ಬ ತನ್ನ ಬಗ್ಗೆ ಹೇಳಲು 20 ನಿಮಿಷ ತಗೊಂಡ. ನಡುವೆ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಯಾರೂ ಬಾಯಿ ಹಾಕಲಿಲ್ಲ.