ಬಾರದ ಕಾಮಾಲೆ

ಕಮಲಾಪುರದ ಒಬ್ಬ ರೈತರಿಗೂ ಅವರ ದಾಯಾದಿಗಳಿಗೂ ಎರಡು ಎಕರೆ ತೋಟದ ಬಗ್ಗೆ ವ್ಯಾಜ್ಯವಿತ್ತು. ಕೆಂಪು ಬಾಳೆ ಬರುವ, ಬಾವಿಯ ನೀರಿರುವ ಭೂಮಿ. ಕಲಬುರಗಿಯ ಸಿವಿಲ್ ನ್ಯಾಯಾಲಯದ ತೀರ್ಪು ರೈತರ ವಿರುದ್ಧ ಬಂತು. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು ಕಾಲಮಿತಿ ಕಾಯ್ದೆ ಕೊಡುವುದು 30 ದಿನ. ರೈತರು ಅದೇ ವಾರ ವಕಾಲತ್ತಿಗೆ ಸಹಿ ಹಾಕಿ, ಫೀಸು ಕೊಟ್ಟು ಊರಿಗೆ ಹೋದರು. ಮೇಲ್ಮನವಿ ಮಾತ್ರ ಸಲ್ಲಿಕೆಯಾಗಲಿಲ್ಲ.

ಆ ವಕೀಲರು ಹಣ ತಿಂದು ಸುಮ್ಮನಾಗುವ ಜಾತಿಯವರಲ್ಲ. ಹಿರಿಯರೊಬ್ಬರ ಕಚೇರಿಯಲ್ಲಿ ಮೊದಲ ಕೆಲವು ವರ್ಷ ಬಸ್ಸಿನ ಖರ್ಚಿಗೂ ಸಾಲದ ಹಣಕ್ಕೆ ದುಡಿದವರು. ಕಲಿಕೆಯೇ ಸಂಬಳವೆನ್ನುವುದು ಆ ಕಚೇರಿಯ ಮಾತಾಗಿತ್ತು. ಬೇರೆ ಕಚೇರಿಗಳಲ್ಲೂ ಅದನ್ನೇ ಹೇಳುತ್ತಾರೆ. ಮುಂದೆ ಸ್ವಂತ ಕಚೇರಿ ತೆರೆದಾಗ ಬಂದ ಯಾವ ಕೇಸನ್ನೂ ಬಿಡಲಾರದ ಹೆದರಿಕೆ ಆ ವರ್ಷಗಳದ್ದೇ ಇರಬೇಕು. ಹೈಕೋರ್ಟ್ ಪೀಠ ಕಲಬುರಗಿಗೆ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆದದ್ದು ಈ ಭಾಗದ ಕಕ್ಷಿದಾರರಿಗೆ ದೊಡ್ಡ ಅನುಕೂಲ. ಒಬ್ಬರೇ ನಡೆಸುವ ಕಚೇರಿಗಾದರೋ ಒಂದೇ ಬೆಳಿಗ್ಗೆ ಎರಡು ಕಡೆ ಕೇಸು ಕೂಗುವ ಕಷ್ಟವೂ ಅದರೊಂದಿಗೆ ಬಂತು. ಮೊದಲು ಈ ವಕೀಲರ ನಿದ್ದೆ ಹೋಯಿತು. ಆಮೇಲೆ ಕೆಲವು ಫೈಲುಗಳ ದಾರ ಬಿಚ್ಚಲು ಕೈ ಏಳದಾಯಿತು. ರೈತರದು ಅವುಗಳಲ್ಲಿ ಒಂದು.

ಇಲ್ಲಿಯವರೆಗಿನದು ಕಾಯಿಲೆ. ಮುಂದಿನದು ಬೇರೆ. ರೈತರು ಬಸ್ಸು ಹತ್ತಿ ವಿಚಾರಿಸಲು ಬಂದಾಗಲೆಲ್ಲ ವಕೀಲರು ಹೇಳಿದ್ದು: ‘ಅಪೀಲು ಹಾಕೀನಿ, ಇನ್ನಾ ನಂಬರ್ ಆಗಿಲ್ಲ.’ ಒಮ್ಮೆ ಬಾಯಿತಪ್ಪಿ ಬಂದ ಮಾತಲ್ಲ, ತಿಂಗಳುಗಟ್ಟಲೆ ಹೇಳಿದ ಮಾತು. ನಿದ್ದೆಗೆಟ್ಟ ಮನಸ್ಸು ಕೆಲಸವನ್ನು ಮುಂದೂಡುವುದು ನನಗೆ ಅರ್ಥವಾಗುತ್ತದೆ. ಎದುರು ಕುಳಿತ ಮನುಷ್ಯನಿಗೆ ‘ನನ್ನಿಂದ ಆಗುತ್ತಿಲ್ಲ, ಫೈಲು ಬೇರೆಯವರಿಗೆ ಕೊಡಿ’ ಎನ್ನಲು ಬೇಕಾದಷ್ಟು ಶಕ್ತಿ ಅವರಲ್ಲಿ ಇನ್ನೂ ಇತ್ತು. ಪ್ರತಿಸಲವೂ ಸುಳ್ಳು ಹೇಳಲು ಶಕ್ತಿ ಇದ್ದವರಿಗೆ ಅದೂ ಇರುತ್ತದೆ.

ದಾಯಾದಿಗಳು ತೀರ್ಪನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿದರು. ಕೋರ್ಟಿನ ಅಮೀನ ತೋಟಕ್ಕೆ ಬಂದ ದಿನ ರೈತರಿಗೆ ನಿಜ ತಿಳಿಯಿತು.

ಅವರು ಬೇರೊಬ್ಬ ವಕೀಲರ ಬಳಿ ಹೋದರು. ಹೊಸ ವಕೀಲರು ವಿಳಂಬ ಮನ್ನಾ ಅರ್ಜಿಯ ಜೊತೆ ಪ್ರಮಾಣಪತ್ರವನ್ನೂ ಸಿದ್ಧಪಡಿಸಿದರು. ಮೇಲ್ಮನವಿದಾರರು ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದರು ಎಂದು ಅದರಲ್ಲಿ ಬರೆದಿತ್ತು. ಎಷ್ಟೋ ವಿಳಂಬಗಳಿಗೆ ಈ ಮಾತೇ ಉತ್ತರವಾಗಿದೆ. ರೈತರು ಸಹಿ ಹಾಕಲಿಲ್ಲ. ‘ನನಗ ಕಾಮಾಲಿ ಬಂದಿಲ್ಲ. ಬಾರದ ರೋಗಕ್ಕ ಪ್ರಮಾಣ ಯಾಕ ಮಾಡ್ಲಿ?’ ಎಂದರು. ನಡೆದದ್ದನ್ನೇ ಬರೆಯಿರಿ ಎಂದು ಹಟ ಹಿಡಿದರು. ಹಳೆಯ ವಕೀಲರ ಮೇಲೆ ವಕೀಲರ ಪರಿಷತ್ತಿಗೆ ದೂರನ್ನೂ ಕೊಟ್ಟರು.

ನಡೆದದ್ದನ್ನು ಬರೆಯಲು ಕಾನೂನಿನಲ್ಲಿ ಅಡ್ಡಿಯೂ ಇರಲಿಲ್ಲ. ವಕೀಲರ ತಪ್ಪಿಗೆ ನಿರಪರಾಧಿ ಕಕ್ಷಿದಾರ ನಷ್ಟ ಅನುಭವಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 1981ರಲ್ಲೇ ರಫೀಕ್ ಪ್ರಕರಣದಲ್ಲಿ ಹೇಳಿದೆ. ಬೇಕಾಗಿದ್ದದ್ದು ಹಳೆಯ ವಕೀಲರ ಪ್ರಮಾಣಪತ್ರ. ಅವರು ಮೊದಲು ಒಪ್ಪಲಿಲ್ಲ. ವಕೀಲರ ಸಂಘದ ಹಿರಿಯರು ರಾಜಿಯ ಮಾತಾಡಿದರು: ಫೀಸು ವಾಪಸು, ದೂರು ವಾಪಸು, ಕಾಗದದಲ್ಲಿ ಕಾಮಾಲೆಯೇ ಇರಲಿ. ಅವರ ಉದ್ದೇಶ ಸಹೋದ್ಯೋಗಿಯನ್ನು ಉಳಿಸುವುದಾಗಿತ್ತು, ನಿಜ. ಆದರೆ ಅವರಲ್ಲೊಬ್ಬರೂ ‘ನೀವು ವೈದ್ಯರನ್ನು ಕಂಡಿರಾ’ ಎಂದು ಕೇಳಲಿಲ್ಲ.

ಕೊನೆಗೆ ವಕೀಲರು ತಾವಾಗಿ ವೈದ್ಯರ ಬಳಿ ಹೋದರು. ಹೋದ ಮೇಲೆ ಪ್ರಮಾಣಪತ್ರಕ್ಕೂ ಸಹಿ ಹಾಕಿದರು: ತಮ್ಮ ಮನಸ್ಸಿನ ಸ್ಥಿತಿ, ಚಿಕಿತ್ಸೆ, ಹೇಳಿದ ಸುಳ್ಳು ಎಲ್ಲವನ್ನೂ ಬರೆದು. ನ್ಯಾಯಾಲಯ ದಂಡ ವಿಧಿಸಿ ವಿಳಂಬವನ್ನು ಮನ್ನಿಸಿತು. ಸುಳ್ಳು ಹೇಳುತ್ತಿದ್ದಷ್ಟು ಕಾಲ ಅವರ ಕಚೇರಿಯಲ್ಲಿ ಜನ ಇದ್ದರು. ನಿಜ ಬರೆದುಕೊಟ್ಟ ಸುದ್ದಿ ಹರಡಿದ ಮೇಲೆ ಕಕ್ಷಿದಾರರು ಒಬ್ಬೊಬ್ಬರಾಗಿ ಬಂದು ನಿರಾಕ್ಷೇಪಣೆ ಬರೆಸಿಕೊಂಡು ಫೈಲು ಒಯ್ದರು.

ಆ ಕಕ್ಷಿದಾರರು ನಾವೇ. ಫೈಲು ಮುಚ್ಚಿಟ್ಟವರನ್ನು ಸಹಿಸಿದೆವು, ಚಿಕಿತ್ಸೆಗೆ ಹೋದವರನ್ನು ಬಿಟ್ಟೆವು. ಮಾನಸಿಕ ಕಾಯಿಲೆಯವರನ್ನು ಚಿಕಿತ್ಸೆಯ ವಿಷಯದಲ್ಲಿ ದೈಹಿಕ ಕಾಯಿಲೆಯವರಿಗೆ ಸಮಾನವಾಗಿ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯನ್ನು ಇತರರ ಪರ ಓದಿ ವಾದಿಸಬಲ್ಲವರೇ ತಮ್ಮ ಗೈರುಹಾಜರಿಯ ಮೆಮೋದಲ್ಲಿ ಜ್ವರ ಎಂದು ಬರೆಯುತ್ತಾರೆ. 2022ರ ಅಕ್ಟೋಬರ್‌ನಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಆ ಸಂಖ್ಯೆ ಪ್ರತಿ ವಕೀಲರ ಸಂಘದ ಗೋಡೆಯ ಮೇಲೆ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಒಬ್ಬ ವಕೀಲರು ಕೆಲವು ತಿಂಗಳು ಮಲಗಿದರೆ ಅವರ ಫೈಲುಗಳನ್ನು ನೋಡಿಕೊಳ್ಳಲು ಇಬ್ಬರು ಸಹೋದ್ಯೋಗಿಗಳನ್ನು ಮೊದಲೇ ಗೊತ್ತುಮಾಡುವ ಪದ್ಧತಿ ಸಂಘದಲ್ಲೇ ಬರಬೇಕು. ಅದಕ್ಕೆ ಹೊಸ ಕಾಯ್ದೆ ಬೇಡ, ಒಂದು ಸಭೆಯ ನಿರ್ಣಯ ಸಾಕು. ಕಿರಿಯರಿಗೆ ಬದುಕುವಷ್ಟು ಸಂಭಾವನೆ ಕೊಡುವ ನಿರ್ಣಯವನ್ನೂ ಅದೇ ಸಭೆಯಲ್ಲಿ ಮಾಡಬಹುದು.

ವಕೀಲರ ಪರಿಷತ್ತಿಗೆ ಕೊಟ್ಟ ದೂರನ್ನು ರೈತರು ಹಿಂತೆಗೆದುಕೊಂಡಿಲ್ಲ. ವಕೀಲರ ಕಾಯಿಲೆಯ ಬಗ್ಗೆ ಕೇಳಿ ಅವರು ಮರುಗಿದರು, ಗುಣವಾಗಲಿ ಎಂದರು, ದೂರನ್ನು ಮಾತ್ರ ಬಿಡಲಿಲ್ಲ. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಸ್ವಾಧೀನ ತೂಗಾಡುತ್ತಿದ್ದ ಆ ವರ್ಷ ಅವರಿಗೆ ತೋಟದಲ್ಲಿ ಹೊಸ ಕಂದು ನೆಡಲಾಗಲಿಲ್ಲ, ಆ ನಷ್ಟವನ್ನು ಯಾವ ಪ್ರಮಾಣಪತ್ರವೂ ತುಂಬಿಕೊಟ್ಟಿಲ್ಲ.